ಚಪ್ಪಲಿ ಪಟ್ಟಿಯ ಕೆಳಗಿನ ಧೂಳು

ಮಾಘ ಮಾಸ ಮುಗಿಯುವಷ್ಟರಲ್ಲಿ ಅವರ ಹತ್ತೂ ಬೆರಳುಗಳ ತುದಿ ನೆನೆಹಾಕಿದ ಅವರೆಕಾಳಿನ ಹಾಗೆ ಬೆಳ್ಳಗಾಗಿ ಸುಕ್ಕುಗಟ್ಟಿರುತ್ತಿತ್ತು. ಹಿದುಕಿದರೆ ಸಿಪ್ಪೆ ಜಾರಿ ಬೇಳೆ ಹೊರಗೆ ಬಂದೀತು ಅನ್ನಿಸಬೇಕು, ಹಾಗೆ. ಮಿಕ್ಕ ಮೈಯೆಲ್ಲ ಬಿಸಿಲುಂಡ ಕಗ್ಗಪ್ಪು; ಬೆರಳುಗಳನ್ನು ಮಾತ್ರ ಇನ್ಯಾರಿಂದಲೋ ಎರವಲು ತಂದು ಜೋಡಿಸಿಕೊಂಡ ಹಾಗಿತ್ತು. ದೀಪ ಹಚ್ಚಿದ ಮೇಲೆ ಊಟದ ಹೊತ್ತಿನವರೆಗೆ ಆ ಕೈಗಳು ಬಿಸಿನೀರಿನ ತಾಮ್ರದ ಬೋಗುಣಿಯಲ್ಲಿರುತ್ತಿದ್ದವು. ಅದೇ ಬೋಗುಣಿಯಲ್ಲಿ ಯಾರಾದರೊಬ್ಬರ ಪಾದಗಳೂ ಇರುತ್ತಿದ್ದವು.

ಅವರನ್ನು ಎಲ್ಲರೂ ಅಂಚೆಯಜ್ಜ ಎನ್ನುತ್ತಿದ್ದರು. ಮೂವತ್ತು ವರ್ಷ ಹೊಳಲೂರಿನ ಕಡೆಯ ಹಳ್ಳಿಗಳಿಗೆ ಟಪಾಲು ಹೊತ್ತು ನಡೆದವರು. ನಿವೃತ್ತಿಯಾದ ಮೇಲೂ ಅವರು ಖಾಕಿ ಕೋಟನ್ನು ಬಿಟ್ಟಿರಲಿಲ್ಲ. ಕೋಟಿನ ಗುಂಡಿಗಳು ಮಾತ್ರ ಒಂದೊಂದಾಗಿ ಅವರನ್ನು ಬಿಟ್ಟುಹೋಗಿದ್ದವು. ಹಳೆಯ ಟಪಾಲು ಚೀಲದಂಥದೇ ಒಂದು ಚೀಲ ಹೊಲಿಸಿಕೊಂಡು ಹೆಗಲಿಗೆ ಹಾಕಿಕೊಳ್ಳುತ್ತಿದ್ದರು. ಅದರೊಳಗೆ ಸೂಜಿ, ದಾರ, ಹರಳೆಣ್ಣೆಯ ಸೀಸೆ, ಹಳೆಯ ಪಂಚೆ ಹರಿದು ಮಾಡಿದ ಪಟ್ಟಿಗಳು. ಅಂಗಾಲಿನ ನೀರುಗುಳ್ಳೆಗೆ ಎಣ್ಣೆಯಲ್ಲದ್ದಿದ ದಾರವನ್ನು ಸೂಜಿಯಿಂದ ಪೋಣಿಸಿ, ದಾರವನ್ನು ಅಲ್ಲೇ ಬಿಟ್ಟು ನೀರಿಳಿಸುವುದರಲ್ಲಿ ಅವರನ್ನು ಮೀರಿಸುವವರು ಊರಲ್ಲಿರಲಿಲ್ಲ. ಹೂ ಕಟ್ಟುವವಳ ಕೈಯಷ್ಟು ಹಗುರ. ಚುಚ್ಚಿದ್ದು ಗೊತ್ತಾಗುವ ಮೊದಲೇ ಮುಗಿದಿರುತ್ತಿತ್ತು.

ಶಿವರಾತ್ರಿಗೆ ಧರ್ಮಸ್ಥಳಕ್ಕೆ ನಡೆದು ಹೋಗುವವರು ಚನ್ನಗಿರಿಯ ಕಡೆಯಿಂದ, ನಮ್ಮ ಭದ್ರಾವತಿಯಿಂದ ಹೊರಟು, ತುಂಗಾ ಸೇತುವೆ ದಾಟಿ ಶಿವಮೊಗ್ಗಕ್ಕೆ ಬಂದು, ಮುಂದೆ ತೀರ್ಥಹಳ್ಳಿ, ಆಗುಂಬೆ ಘಾಟಿ ಹಿಡಿಯುತ್ತಿದ್ದರು. ಶಿವಮೊಗ್ಗದಲ್ಲಿ ಅವರಿಗೊಂದು ರಾತ್ರಿ ಮೈ ಚಾಚಲು ಹೊಳೆದಂಡೆಯ ಕೋಟೆ ಕೇರಿಯಲ್ಲಿ ಒಂದು ಜಾಗವಿತ್ತು. ಒಬ್ಬ ವ್ಯಾಪಾರಿ ತನ್ನ ಭತ್ತದ ಮಳಿಗೆಯನ್ನು ಪ್ರತಿವರ್ಷ ಆ ಒಂದು ತಿಂಗಳಿಗೆ ಖಾಲಿ ಮಾಡಿಕೊಡುತ್ತಿದ್ದ. ನೆಲಕ್ಕೆ ಹುಲ್ಲು, ಹುಲ್ಲಿನ ಮೇಲೆ ಚಾಪೆ. ಬೋರ್ಡಿರಲಿಲ್ಲ. ಊರವರು ತಾವಾಗಿಯೇ ಅದಕ್ಕೆ ‘ನಡೆದವರ ಮನೆ’ ಎಂದು ಹೆಸರಿಟ್ಟಿದ್ದರು. ಅಲ್ಲಿ ಕೆಲಸ ಮಾಡುವವರೆಲ್ಲ ತಾವಾಗಿ ಬಂದವರು. ಪ್ರೈಮರಿ ಶಾಲೆಯ ಮೇಷ್ಟ್ರೊಬ್ಬರು ನೀರು ಸೇದುತ್ತಿದ್ದರು, ಒಬ್ಬ ಕ್ಷೌರಿಕ ಅಂಗಡಿ ಮುಚ್ಚಿ ಬಂದು ಕಾಲು ಒತ್ತುತ್ತಿದ್ದ, ಬಳೆ ಅಂಗಡಿಯ ಅಕ್ಕ ಒಲೆಯ ಮುಂದೆ ಕೂತು ಹಂಡೆಗಟ್ಟಲೆ ಸಾರು ಕಾಯಿಸುತ್ತಿದ್ದಳು. ಜಾತಿ, ಊರು, ಹೆಸರು ಯಾರೂ ಕೇಳುವಂತಿಲ್ಲ. ಬಾಗಿಲಲ್ಲಿ ಅಂಚೆಯಜ್ಜ ಕೇಳುತ್ತಿದ್ದುದು ಒಂದೇ ಪ್ರಶ್ನೆ: “ನಡೆದೇ ಬಂದ್ರಾ?”

ಬಾಯಿ ಕೊಡುವ ಉತ್ತರವನ್ನು ಅವರು ಮರ್ಯಾದೆಯಿಂದ ಕೇಳಿಸಿಕೊಳ್ಳುತ್ತಿದ್ದರು. ಆಮೇಲೆ ಬೋಗುಣಿಯ ಮುಂದೆ ಕೂರಿಸಿ ಪಾದದ ಉತ್ತರ ನೋಡುತ್ತಿದ್ದರು.

ಇನ್ನು ಅವರ ಕೂಗು. ಸೇತುವೆ ಇಳಿದ ಮೇಲೆ ದಾರಿ ಒಡೆಯುತ್ತದೆ, ಒಂದು ಕೋಟೆಗೆ, ಒಂದು ಪೇಟೆಗೆ. ದೀಪ ಹಚ್ಚುವ ಹೊತ್ತಿಗೆ ಅಂಚೆಯಜ್ಜ ಅಲ್ಲಿ ನಿಂತು ಕೂಗುತ್ತಿದ್ದರು. “ನಡೆದು ಬಂದವ್ರೇ… ಇತ್ತ ಬನ್ನೀ… ಬಾಗ್ಲು ತೆಗ್ದಿದೇ…” ಅಷ್ಟೇ ಮಾತು. ಆದರೆ ಆ ದನಿ! ಸೇತುವೆಯ ಉದ್ದಕ್ಕೂ ಹರಿದು ಆಚೆ ದಡ ಮುಟ್ಟಿ ಬರುತ್ತಿತ್ತು. ಹಳ್ಳಿಯ ಬೇಲಿಯಾಚೆ ನಿಂತು ಗದ್ದೆಯ ನಡುವೆ ಇರುವವನಿಗೆ ಕಾಗದ ಬಂದಿದೆ ಎಂದು ತಿಳಿಸಿ ತಿಳಿಸಿ ಬೆಳೆದ ಗಂಟಲು ಅದು.

ಯಾಕೆ ಕೂಗುತ್ತಾರೆ ಎಂಬುದನ್ನು ಬಳೆ ಅಂಗಡಿಯ ಅಕ್ಕ ನನಗೆ ಹೇಳಿದ್ದಳು. ಕೆಲಸದಲ್ಲಿದ್ದಾಗ ಒಂದು ಸಂಜೆ ಅವರು ಖಾಲಿ ಚೀಲದೊಂದಿಗೆ ಕೋಟೆಯ ತಮ್ಮ ಮನೆಗೆ ಹೋಗುತ್ತಿದ್ದರಂತೆ. ಸೇತುವೆಯ ಹತ್ತಿರ ಮುದುಕ ಮುದುಕಿ ಇಬ್ಬರು, ನಡೆದು ಬಂದವರು, ಇಲ್ಲಿ ಮಲಗಲು ಎಲ್ಲಿ ಜಾಗ ಸಿಗುತ್ತದೆ ಎಂದು ಕೇಳಿದರು. ಹಸಿವಾಗಿತ್ತು, ಮುಂದೆ ಯಾರನ್ನಾದರೂ ಕೇಳಿ ಎಂದು ಹೇಳಿ ಇವರು ಹೊರಟುಹೋದರು. ಬೆಳಿಗ್ಗೆ ಹೊಳೆಗೆ ಸ್ನಾನಕ್ಕೆ ಹೋದಾಗ ಮೆಟ್ಟಿಲ ಮೇಲೆ ಒಂದು ಚಿಂದಿ ಬಟ್ಟೆ, ಕಲ್ಲಿನ ಮೇಲೆ ರಕ್ತ ಒಣಗಿದ ಹೆಜ್ಜೆಯ ಗುರುತು. ಅವರಿಬ್ಬರು ಇರಲಿಲ್ಲ. ಮುಂದೆ ಮುಟ್ಟಿದರೋ ಇಲ್ಲವೋ ಯಾರಿಗೂ ಗೊತ್ತಿಲ್ಲ. ಅಂಚೆಯಜ್ಜ ಇದನ್ನು ತಮ್ಮ ಬಾಯಲ್ಲಿ ನನಗೆ ಹೇಳಲಿಲ್ಲ. ಒಂದು ಮಾತು ಮಾತ್ರ ಆಗಾಗ ಹೇಳುತ್ತಿದ್ದರು: “ಕಾಗ್ದ ತಪ್ಪಿದ್ರೆ ವಾಪಸ್ ಬರುತ್ತೆ. ಮನುಷ್ಯ ತಪ್ಪಿದ್ರೆ ಎಲ್ಲಿ ಅಂತ ಹುಡುಕೋದು?” ನಡೆದು ಬಂದವರೊಬ್ಬರು ಈ ಬಾಗಿಲು ಇದೆಯೆಂದು ತಿಳಿಯದೆ ಮುಂದೆ ಹೋಗಿಬಿಟ್ಟಾರು ಎಂಬುದೊಂದೇ ಅವರ ಭಯ. ಹಾವು, ಹುಲಿ, ಮೇಲಧಿಕಾರಿ ಯಾವುದಕ್ಕೂ ಹೆದರದ ಮನುಷ್ಯ ಅದೊಂದಕ್ಕೆ ಹೆದರುತ್ತಿದ್ದರು.

ಈಗ ನನ್ನ ವಿಷಯ. ಭದ್ರಾವತಿಯ ಕಬ್ಬಿಣದ ಕಾರ್ಖಾನೆಯ ಉಗ್ರಾಣದಲ್ಲಿ ನಾನೊಬ್ಬ ಗುಮಾಸ್ತ. ಬೋಲ್ಟು ನಟ್ಟು ಎಣಿಸುವುದು ಹೊಟ್ಟೆಪಾಡಿಗೆ. ನಿಜವಾದ ಕಸುಬು ಜನರ ದನಿ ಕದಿಯುವುದು. ತಮಿಳು ಬೆರೆಸಿ ಬಯ್ಯುವ ಫೋರ್‌ಮನ್, ಮಂತ್ರದ ನಡುವೆ ಆಕಳಿಸುವ ಪುರೋಹಿತರು, ಮೇಲಧಿಕಾರಿಯ ಮುಂದೆ ತೊದಲುವ ನಾನು, ಎಲ್ಲರೂ ನನ್ನ ಗಂಟಲಲ್ಲಿ ಬಾಡಿಗೆಯಿಲ್ಲದೆ ವಾಸವಾಗಿದ್ದರು. ಹೀಗಿರುವಾಗ ನನಗೆ ವಿಷಮಶೀತ ಜ್ವರ ಬಂದು ದನಿ ಪೂರ್ತಿ ನಿಂತುಹೋಯಿತು. ಆ ನಲವತ್ತು ದಿನ ಭದ್ರಾವತಿ ನೆಮ್ಮದಿಯಾಗಿತ್ತು ಎಂದು ಉಗ್ರಾಣದವರು ಆಮೇಲೆ ಹೇಳಿದರು. ಅಮ್ಮನಿಗೆ ಮಾತ್ರ ನೆಮ್ಮದಿ ಇರಲಿಲ್ಲ. ಮಗನ ದನಿ ವಾಪಸ್ ಕೊಟ್ಟರೆ ಅವನನ್ನು ಕಾಲ್ನಡಿಗೆಯಲ್ಲಿ ಧರ್ಮಸ್ಥಳಕ್ಕೆ ಕಳಿಸುತ್ತೇನೆ ಎಂದು ಮಂಜುನಾಥನಿಗೆ ಹರಕೆ ಹೊತ್ತಳು. ಹರಕೆ ಅವಳದು, ಕಾಲು ನನ್ನದು. ದನಿ ಬಂತು. ಬಂದ ದನಿಯಲ್ಲಿ ನಾನು ಮೊದಲು ಮಾಡಿದ್ದು ಡಾಕ್ಟರರ ನಕಲು.

ಶಿವರಾತ್ರಿಗೆ ಹದಿನೈದು ದಿನವಿರುವಾಗ ಅಮ್ಮ ಹಣೆಗೆ ವಿಭೂತಿ ಹಚ್ಚಿ ಕಳಿಸಿಕೊಟ್ಟಳು. ಬೀದಿಯ ತಿರುವಿನವರೆಗೆ ಭಕ್ತನ ಹಾಗೆ ನಡೆದೆ. ತಿರುವಿನಾಚೆ ಬಸ್ಸು ನಿಂತಿತ್ತು. ಶಿವಮೊಗ್ಗಕ್ಕೆ ಹನ್ನೆರಡು ಮೈಲಿ. ಇಡೀ ದಾರಿ ಮುಂದಿದೆ, ಈ ಹನ್ನೆರಡು ಮೈಲಿಯನ್ನು ದೇವರು ಲೆಕ್ಕಕ್ಕಿಡಲಾರ ಎಂದುಕೊಂಡೆ. ಮಲವಗೊಪ್ಪದಲ್ಲಿ ಇಳಿದು, ಮರದ ಮರೆಯಲ್ಲಿ ಚಪ್ಪಲಿ ಕಳಚಿ, ರಸ್ತೆಯ ಧೂಳನ್ನು ಎರಡೂ ಕೈಯಲ್ಲಿ ಮೊಗೆದು ಮೊಣಕಾಲಿನವರೆಗೆ ಧಾರಾಳವಾಗಿ ಬಳಿದುಕೊಂಡೆ. ವೇಷ ಹಾಕುವುದು ನನಗೆ ಹೊಸದಲ್ಲ. ಮತ್ತೆ ಚಪ್ಪಲಿ ಮೆಟ್ಟಿ ಉಳಿದ ಮೂರು ಮೈಲಿ ನಡೆದೆ. ಸೇತುವೆಯ ಮೇಲಂತೂ ಕುಂಟುವುದನ್ನೂ ಅಭ್ಯಾಸ ಮಾಡಿದೆ, ಮೊದಲು ಎಡಗಾಲು, ಅದು ಸರಿಹೋಗದೆ ಆಮೇಲೆ ಬಲಗಾಲು.

ಅರ್ಧ ಸೇತುವೆಯಲ್ಲಿದ್ದಾಗ ಕೂಗು ಕೇಳಿತು. ನಾನು ಕುಂಟುವುದನ್ನು ಮರೆತೆ. ಎಂಥ ದನಿಯನ್ನಾದರೂ ಕೇಳಿದ ಕ್ಷಣ ಬಾಯೊಳಗೇ ಅದನ್ನು ತಿರುವಿ ನೋಡುವ ಚಪಲ ನನ್ನದು. ಅವತ್ತು ಬಾಯಿ ಸುಮ್ಮನಿತ್ತು. ಕೆಳಗೆ ಹೊಳೆಯ ನೀರಿನ ಮೇಲೂ ಆ ಕೂಗು ಹೋಗುತ್ತಿದೆ ಎನ್ನಿಸಿತು. ನನ್ನ ಮುಂದೆ ಹೋಗುತ್ತಿದ್ದ ನಾಲ್ಕೈದು ಮಂದಿ, ಬೆನ್ನು ಬಾಗಿದ್ದವರು, ಅದನ್ನು ಕೇಳಿ ನೆಟ್ಟಗಾದರು. ಕಣ್ಣಾರೆ ಕಂಡೆ.

ಮಳಿಗೆಯ ಅಂಗಳದಲ್ಲಿ ನನ್ನ ಸರದಿ ಬಂತು. ಅಂಚೆಯಜ್ಜ, “ನಡೆದೇ ಬಂದ್ರಾ?” ಎಂದರು. ನಾನು ಆಯಾಸದ ನಿಟ್ಟುಸಿರು ಬೆರೆಸಿ ಹೌದೆಂದೆ. ಯಾವ ಊರೆಂದು ಅವರು ಕೇಳಲಿಲ್ಲ, ನಾನೇ ಭದ್ರಾವತಿ ಎಂದು ಸೇರಿಸಿದೆ. ಅವರು ನನ್ನ ಚಪ್ಪಲಿ ಕಳಚಿಸಿ ಬಲಗಾಲನ್ನು ಎತ್ತಿ ತಮ್ಮ ತೊಡೆಯ ಮೇಲಿಟ್ಟುಕೊಂಡರು. ನೀರು ಹಾಕಲಿಲ್ಲ. ಲಾಟೀನನ್ನು ಹತ್ತಿರ ಎಳೆದು ನೋಡಿದರು. ಟಪಾಲು ಚೀಲದಿಂದ ಒಂದು ಕಾಗದ ತೆಗೆದು ವಿಳಾಸ ಓದುವ ಹಾಗೆ ಓದಿದರು. ಆಮೇಲೆ ಒದ್ದೆ ಬೆರಳಿನಿಂದ ನನ್ನ ಪಾದದ ಮೇಲೆ, ಚಪ್ಪಲಿಯ ಪಟ್ಟಿ ಕೂರುವ ಜಾಗದಲ್ಲಿ, ಮೆಲ್ಲಗೆ ಒಂದು ಗೆರೆ ಎಳೆದರು.

ಪಕ್ಕದಲ್ಲಿ ಕೂತಿದ್ದ ನಿಜವಾದ ನಡಿಗೆಯವನ ಕಾಲು ನೋಡಿದೆ. ಅವನ ಪಾದವೆಲ್ಲ ಧೂಳು. ಪಟ್ಟಿ ಇದ್ದ ಕಡೆ ಮಾತ್ರ ಅಗಲವಾದ ಒಂದು ಬಿಳಿ ಗೆರೆ, ಶುಭ್ರವಾಗಿ. ನನಗೆ ಪಟ್ಟಿಯ ಕೆಳಗೂ ಧೂಳು. ಅದೂ ಕೆಂಪು ಧೂಳು. ಅವನ ಬೆರಳ ಸಂದಿಯಲ್ಲಿ ಬೆವರಿಗೆ ಅಂಟಿದ ಕರಿಮಸಿ ಇತ್ತು, ನಮ್ಮ ಕಾರ್ಖಾನೆಯ ಸುತ್ತಿನ ರಸ್ತೆಯ ಮಸಿ. ಭದ್ರಾವತಿಯಿಂದ ನಡೆದವನು ಅದನ್ನು ತರದೆ ಬರಲು ಸಾಧ್ಯವಿಲ್ಲ. ಹುಟ್ಟಿದಾಗಿನಿಂದ ಅದನ್ನು ತುಳಿದುಕೊಂಡು ಓಡಾಡಿದ ನಾನು, ವೇಷ ಹಾಕುವಾಗ ಅದನ್ನೇ ಮರೆತಿದ್ದೆ.

ಅಂಚೆಯಜ್ಜ ಬೋಗುಣಿಯನ್ನು ಹತ್ತಿರ ಎಳೆದುಕೊಂಡರು. ಕಾಲು ತೊಳೆದರು. ಬೇರೆಯವರಿಗೆ ಎಷ್ಟು ಹೊತ್ತು ತೊಳೆದರೋ ಅಷ್ಟೇ ಹೊತ್ತು. ಅಕ್ಕ ಬಡಿಸಿದ ಅನ್ನ ಗಂಟಲಲ್ಲಿ ಇಳಿಯಲಿಲ್ಲ ಎಂದು ಬರೆಯಬೇಕೆನಿಸುತ್ತದೆ, ಆದರೆ ಮೂರು ಸಲ ಹಾಕಿಸಿಕೊಂಡೆ. ಬೆಳಿಗ್ಗೆ ಎಲ್ಲರೂ ತೀರ್ಥಹಳ್ಳಿಯ ದಾರಿ ಹಿಡಿಯುವಾಗ ಅವರು ನನ್ನ ಪಕ್ಕಕ್ಕೆ ಬಂದು, ಇನ್ಯಾರಿಗೂ ಕೇಳದ ಹಾಗೆ ಹೇಳಿದರು: “ಆರೂವರೆಗೆ ಭದ್ರಾವತಿಗೆ ಮೊದಲ್ನೇ ಬಸ್ಸಿದೆ. ಮನೆ ಬಾಗ್ಲಿಂದ ಶುರು ಮಾಡಿ. ಸಂಜೆ ನಿಮ್ಮ ಚಾಪೆ ತೆಗ್ದಿಟ್ಟಿರ್ತೀನಿ.”

ಹೋಗದೆ ಸುಮ್ಮನೆ ತೀರ್ಥಹಳ್ಳಿ ಕಡೆ ಹೊರಟುಬಿಡಬಹುದಿತ್ತು. ತಡೆಯುವವರಾರು? ಆದರೆ ಚಾಪೆ ತೆಗೆದಿಡುತ್ತೇನೆ ಎಂದುಬಿಟ್ಟಿದ್ದರಲ್ಲ. ಬಸ್ಸು ಹತ್ತಿದೆ. ಮನೆಯ ಮುಂದೆ ಅಮ್ಮ ನೀರು ಚಿಮುಕಿಸಿ ರಂಗೋಲಿ ಇಡುತ್ತಿದ್ದಳು. ತಲೆಯೆತ್ತಿ ನನ್ನನ್ನು ಕಂಡು, “ಏನೋ, ಧರ್ಮಸ್ಥಳ ಇಷ್ಟು ಹತ್ರ ಬಂತಾ?” ಎಂದಳು.

“ಒಂದು ಮರ್ತು ಹೋಗಿದ್ದೆ ಅಮ್ಮ.”

“ಏನನ್ನ?”

“ನಡೆಯೋದನ್ನ.”

ಅವಳು ನನ್ನ ಮುಖ ನೋಡಿದಳು, ಕಾಲು ನೋಡಿದಳು. ಬಯ್ಯುತ್ತಾಳೆ ಎಂದು ಕಾದೆ. ಒಳಗೆ ಹೋಗಿ ವಿಭೂತಿ ತಂದು ಇನ್ನೊಂದು ಸಲ ಹಚ್ಚಿದಳು, ನಿನ್ನೆಯದಕ್ಕಿಂತ ಸ್ವಲ್ಪ ಒತ್ತಿ.

ಹನ್ನೆರಡು ಮೈಲಿ ಎಂದರೆ ಏನು ಎಂಬುದು ಅವತ್ತು ತಿಳಿಯಿತು. ಮಲವಗೊಪ್ಪದ ಆ ಮರ ಬಂದಾಗ ಅದರ ಕಡೆ ನೋಡದೆ ದಾಟಿದೆ. ಸೇತುವೆಯ ಮೇಲೆ ಕುಂಟಿದೆ, ಯಾವ ಕಾಲೆಂದು ಆರಿಸಿಕೊಳ್ಳುವ ಅಗತ್ಯವಿರಲಿಲ್ಲ. ಅಂಗಳದಲ್ಲಿ ಅಂಚೆಯಜ್ಜ ನನ್ನ ಕಾಲನ್ನು ತೊಡೆಯ ಮೇಲಿಟ್ಟುಕೊಂಡು ಚಪ್ಪಲಿ ತೆಗೆದರು. ಬಿಳಿ ಗೆರೆ ಇತ್ತು. ಬೆರಳ ಸಂದಿಯಲ್ಲಿ ಕರಿಮಸಿ ಇತ್ತು. ಹಿಮ್ಮಡಿಯಲ್ಲಿ ಎರಡು ಗುಳ್ಳೆಗಳೂ ಇದ್ದವು. ಅವರ ಮುಖದಲ್ಲಿ ಅಷ್ಟಗಲ ನಗು. “ಈಗ ಬಂದ್ರಿ,” ಎಂದು ಸೂಜಿಗೆ ದಾರ ಪೋಣಿಸಿದರು.

ಆ ವರ್ಷ ಧರ್ಮಸ್ಥಳ ಮುಟ್ಟಿದೆ. ಘಾಟಿಯ ಬಗ್ಗೆ, ದೇವರ ಬಗ್ಗೆ ಬೇರೆಯವರು ಚೆನ್ನಾಗಿ ಬರೆಯುತ್ತಾರೆ. ನನಗೆ ದಾರಿಯುದ್ದಕ್ಕೂ ನೆನಪಿದ್ದುದು ಒಬ್ಬ ಮುದುಕ ನನ್ನ ಕಳ್ಳತನವನ್ನು ತೊಡೆಯ ಮೇಲಿಟ್ಟುಕೊಂಡು ತೊಳೆದದ್ದು.

ಮರುವರ್ಷ ಹದಿನೈದು ದಿನ ರಜೆ ಹಾಕಿ ನಡೆದವರ ಮನೆಗೇ ಕೆಲಸಕ್ಕೆ ಬಂದೆ. ಹೊಸಬರನ್ನೆಲ್ಲ ಬಹುವಚನದಲ್ಲಿ ಮಾತಾಡಿಸುವ ಅಂಚೆಯಜ್ಜ, ಅವತ್ತು “ಬಂದ್ಯಾ? ಆ ಹಂಡೆ ಎತ್ತು” ಎಂದರು. ನನ್ನ ಜೀವನದಲ್ಲಿ ಸಿಕ್ಕ ಒಂದೇ ಒಂದು ಬಡ್ತಿ ಅದು. ನೀರು ಕಾಯಿಸುವುದು, ಚಾಪೆ ಹಾಸುವುದು, ಎಲೆ ಎತ್ತುವುದು, ಎಲ್ಲ ನನ್ನದಾಯಿತು. ಕಾಲು ತೊಳೆಯುವುದನ್ನು ಮಾತ್ರ ಅವರು ಯಾರಿಗೂ ಕೊಡುತ್ತಿರಲಿಲ್ಲ. ನಿಜ ಹೇಳಬೇಕೆಂದರೆ ನಾನು ಕೇಳಲೂ ಇಲ್ಲ. ಬೇರೆಯವರ ಹಿಮ್ಮಡಿ ಮುಟ್ಟಲು ನನ್ನ ಕೈ ಹಿಂದೆಗೆಯುತ್ತಿತ್ತು.

ಇಷ್ಟರಲ್ಲಿ ಅವರ ಕೂಗು ನನ್ನ ಗಂಟಲಿಗೆ ಬಂದು ಸೇರಿತ್ತು. ಕಾರ್ಖಾನೆಯ ಕ್ಯಾಂಟೀನಿನಲ್ಲಿ ಅದಕ್ಕೆ ಭಾರಿ ಬೇಡಿಕೆ. ಊಟದ ಗಂಟೆ ಹೊಡೆದೊಡನೆ ನಾನು ಕೋಟಿನ ಗುಂಡಿ ಹುಡುಕುವ ಹಾಗೆ ಮಾಡಿ, “ನಡೆದು ಬಂದವ್ರೇ… ಇತ್ತ ಬನ್ನೀ… ಬಾಗ್ಲು ತೆಗ್ದಿದೇ…” ಎಂದರೆ ಫೋರ್‌ಮನ್ ಕೂಡ ಚಹಾ ಚೆಲ್ಲಿಕೊಂಡು ನಗುತ್ತಿದ್ದ. ಶಿವಮೊಗ್ಗದ ಸೇತುವೆ ಬದಿಯ ಜಟಕಾದವರಿಗೂ ಒಮ್ಮೆ ಮಾಡಿ ತೋರಿಸಿದ್ದೆ. ಅವತ್ತಿನಿಂದ ಅವರಿಗೆ ನಾನು ‘ನಕಲಿ’. ಅದೇ ಧೈರ್ಯದಲ್ಲಿ ಒಂದು ಮಧ್ಯಾಹ್ನ ಮಳಿಗೆಯ ಹಿತ್ತಲಲ್ಲಿ ಅಕ್ಕ, ಮೇಷ್ಟ್ರು, ಕ್ಷೌರಿಕ ಮೂವರ ಮುಂದೆ ಶುರುಮಾಡಿದೆ. ಇದ್ದಕ್ಕಿದ್ದಂತೆ ಮೂವರೂ ನಗು ನಿಲ್ಲಿಸಿ ನನ್ನ ಹಿಂದೆ ನೋಡತೊಡಗಿದರು. ತಿರುಗಿದರೆ ಅಂಚೆಯಜ್ಜ. ಎಷ್ಟು ಹೊತ್ತಿನಿಂದ ನಿಂತಿದ್ದರೋ.

ಅವರಿಗೆ ಸಿಟ್ಟಿರಲಿಲ್ಲ. ಕತ್ತು ಓರೆ ಮಾಡಿ ಯೋಚಿಸುತ್ತಿದ್ದರು. “‘ಇತ್ತ ಬನ್ನೀ’ ಅನ್ನೋ ಎರಡ್ನೇದನ್ನ ಬೇಗ ಮುಗಿಸ್ತೀಯ ಮಾರಾಯ,” ಎಂದರು. “ಎದುರಿಗೆ ನಿಂತೋರಿಗೆ ನಗು ಬಂದ್ರೆ ನಿನಗೆ ಸಾಕು. ನಾನು ಕೂಗೋದು ಇನ್ನೂ ಕಣ್ಣಿಗೆ ಕಾಣ್ದಿರೋರಿಗೆ.”

ಅಕ್ಕ ಸೆರಗು ಬಾಯಿಗೆ ಇಟ್ಟುಕೊಂಡಳು. ನಾನು ಹಂಡೆಯ ಕಡೆ ಹೋದೆ. ಅವತ್ತಿನಿಂದ ಯಾರೂ ಇಲ್ಲದಾಗ ಹೊಳೆಯ ದಡಕ್ಕೆ ಹೋಗಿ ಆ ಎರಡನೆಯದನ್ನು ಉದ್ದ ಎಳೆದು ನೋಡುತ್ತಿದ್ದೆ. ಉಸಿರು ಸಾಲುತ್ತಿರಲಿಲ್ಲ.

ನಡೆದು ಬರುವವರಲ್ಲಿ ಚನ್ನಗಿರಿಯಾಚೆಯ ಒಬ್ಬ ಮುದುಕಿ ಇದ್ದಳು. ಎರಡೂ ಕಣ್ಣಿಗೆ ಪೊರೆ, ಬೆಳಕು ಕತ್ತಲೆ ಮಾತ್ರ ತಿಳಿಯುತ್ತಿತ್ತು. ಬರಿಗಾಲಲ್ಲಿ, ಕೋಲೂರಿಕೊಂಡು, ದಾರಿಯಲ್ಲಿ ಸಿಕ್ಕಿದ ಗುಂಪಿನ ಸದ್ದು ಹಿಡಿದು ಬರುತ್ತಿದ್ದಳು. ಗುಂಪು ಮುಂದೆ ಹೋದರೆ ಒಬ್ಬಳೇ. ಸೇತುವೆಯ ಮೇಲೆ ತಡೆಗೋಡೆಯ ಮೇಲೆ ಅಂಗೈ ಜಾರಿಸಿಕೊಂಡು ನಡೆಯುವಳು. ಗೋಡೆ ಮುಗಿದಲ್ಲಿ ಅಂಚೆಯಜ್ಜನ ಕೂಗು ಸಿಗಬೇಕು, ಅದನ್ನು ಹಿಡಿದು ಕೋಟೆಯ ದಾರಿಗೆ ಇಳಿಯಬೇಕು. ಬಂದವಳೇ, “ಏ ಟಪಾಲು, ಬದುಕಿದ್ದೀಯಾ?” ಎಂದು ಕೇಳುವಳು. ಅವರು “ನೀನು ಬಂದ್ಯಾ ಮಾರಾಯ್ತಿ” ಎನ್ನುವರು. ವರ್ಷಕ್ಕೊಂದು ಸಲ ಅವರಿಬ್ಬರ ನಡುವೆ ಇಷ್ಟು ಮಾತು.

ನಾನು ನಡೆದವರ ಮನೆಯ ಕೆಲಸಕ್ಕೆ ಸೇರಿದ ಮೂರನೆಯ ವರ್ಷ ಅಂಚೆಯಜ್ಜನ ದನಿ ಮೊದಲ ವಾರದಲ್ಲೇ ಒಡೆಯಿತು. ಗಂಟಲಲ್ಲಿ ಹುಣ್ಣು ಎಂದರು ಡಾಕ್ಟರು, ಮಾತೇ ಆಡಕೂಡದು ಎಂದರು. ಅವರು ಕೇಳಲಿಲ್ಲ, ಕೂಗಿದರು. ಒಂದು ಸಂಜೆ ಬಾಯಿ ತೆರೆದರೆ ಬರಿಯ ಗಾಳಿ ಬಂತು. ಮಳಿಗೆಗೆ ವಾಪಸ್ ಬಂದು ಗೋಡೆಗೊರಗಿ ಕೂತವರ ಮುಖ ನೋಡಲಾಗುತ್ತಿರಲಿಲ್ಲ. ಮೇಷ್ಟ್ರು ಗಂಟೆ ಬಾರಿಸೋಣ ಎಂದರು. ಆ ಹೊತ್ತಿಗೆ ಕೋಟೆಯ ಗುಡಿಗಳಲ್ಲೆಲ್ಲ ಗಂಟೆಯೇ, ನಮ್ಮದು ಯಾವುದೆಂದು ಯಾರಿಗೆ ತಿಳಿದೀತು? ಕ್ಷೌರಿಕ ದೊಡ್ಡ ಲಾಟೀನು ತೂಗಿಬಿಡೋಣ ಎಂದ. ಅಂಚೆಯಜ್ಜ ಚೀಲದಿಂದ ಒಂದು ಹಳೆಯ ಕಾರ್ಡು ತೆಗೆದು ಅದರ ಬೆನ್ನ ಮೇಲೆ ಬರೆದು ತೋರಿಸಿದರು: ‘ಅವಳಿಗೆ ದೀಪ?’ ಮುದುಕಿ ಆ ವರ್ಷ ಇನ್ನೂ ಬಂದಿರಲಿಲ್ಲ. ಮತ್ತೊಂದು ಕಾರ್ಡು ತೆಗೆದು ಒಂದೇ ಮಾತು ಬರೆದು ನನ್ನ ಕೈಗೆ ಕೊಟ್ಟರು. ‘ಕೂಗು.’

ಮರುದಿನ ಸಂಜೆ ಸೇತುವೆಯ ಬದಿಯಲ್ಲಿ ನಿಂತೆ. ಜಟಕಾದವರು ಕುದುರೆಗೆ ಹುಲ್ಲು ಹಾಕುತ್ತ ನನ್ನನ್ನೇ ನೋಡುತ್ತಿದ್ದರು. ಇಲ್ಲಿ ಅಜ್ಜನ ದನಿ ತೆಗೆದರೆ ಅವರು ನಗುತ್ತಾರೆ, ಅಜ್ಜ ಅಲ್ಲಿ ಮೂಕನಾಗಿ ಕೂತಿರುವಾಗ ಅವರ ಮೇಲೆ ನಗಿಸಿದ ಹಾಗಾಗುತ್ತದೆ. ಅದಕ್ಕೇ ನನ್ನ ಸ್ವಂತ ದನಿಯಲ್ಲಿ ಕೂಗಿದೆ. ನನ್ನ ಸ್ವಂತ ದನಿಯನ್ನು ನಾನು ಅಷ್ಟಾಗಿ ಬಳಸಿದವನಲ್ಲ. ಸಂತೆಯಲ್ಲಿ ತಾಯಿ ತಪ್ಪಿದ ಕರುವಿನ ಹಾಗಿತ್ತು. ಮೂವರು ನಡಿಗೆಯವರು, ಹೆಗಲಲ್ಲಿ ಗಂಟು, ನನ್ನ ಮುಂದೆಯೇ ಹಾದು ಪೇಟೆಯ ದಾರಿ ಹಿಡಿದರು. ಅವರ ಬೆನ್ನು ನೋಡುತ್ತ ನಿಂತೆ. ಅಂಚೆಯಜ್ಜ ಇಷ್ಟು ವರ್ಷ ಹೆದರಿದ್ದು ಇದಕ್ಕೇ. ಅದು ನನ್ನ ಕಣ್ಣೆದುರಿಗೆ, ನನ್ನ ಕೈಯಲ್ಲೇ ಆಗುತ್ತಿತ್ತು.

ಆಗ ಅಜ್ಜನ ದನಿ ತೆಗೆದೆ.

“ನಕಲಿ ಶುರು ಹಚ್ಕೊಂಡ್ನಪ್ಪಾ,” ಎಂದು ಜಟಕಾದವನೊಬ್ಬ ನಕ್ಕ. ನಾನು ಎರಡನೆಯದನ್ನು ಎಳೆದೆ, ಎದೆ ಖಾಲಿಯಾಗಿ ಕಣ್ಣು ಕತ್ತಲೆ ಬರುವವರೆಗೆ ಎಳೆದೆ. ಎದುರಿಗೆ ನಿಂತವರಿಗಲ್ಲ, ಕಾಣದಿರುವವರಿಗೆ. ಆಚೆ ದಡದಿಂದ ಅದು ವಾಪಸ್ ಬಂತು. ಮೂರು ಬೆನ್ನುಗಳು ನಿಂತವು. ತಿರುಗಿದವು. ಜಟಕಾದವನು ನಗು ಬಿಟ್ಟು ಹುಲ್ಲಿನ ಕಂತೆ ಕೈಯಲ್ಲಿ ಹಿಡಿದು ಹಾಗೇ ನಿಂತಿದ್ದ.

ಮುದುಕಿ ಬಂದದ್ದು ನಾಲ್ಕನೆಯ ಸಂಜೆ. ಸೇತುವೆಯ ಮೇಲೆ ಅಂಗೈ ಜಾರಿಸಿಕೊಂಡು ಬಂದು, ಗೋಡೆ ಮುಗಿದಲ್ಲಿ ನಿಂತು, ಕಿವಿ ಕೊಟ್ಟು, ನನ್ನ ಕೂಗಿನ ಕಡೆ ನೇರವಾಗಿ ನಡೆದಳು. ಹತ್ತಿರ ಬಂದು ನನ್ನ ಕೈ ಹಿಡಿದವಳು ಕೈಯನ್ನು ಒಮ್ಮೆ ತಡವಿದಳು.

“ಕೂಗು ಅದೇ. ಕೈ ಬೇರೆ,” ಎಂದಳು.

ನಾನು ಆ ಕೈ ಹಿಡಿದುಕೊಂಡೇ ಕರೆತಂದೆ. ಅಂಗಳದಲ್ಲಿ ಅಂಚೆಯಜ್ಜ ಬೋಗುಣಿಯ ಮುಂದೆ ಕೂತಿದ್ದರು. ಅವಳು ಕೋಲು ಪಕ್ಕಕ್ಕಿಟ್ಟು ಕೂತು, “ಏ ಟಪಾಲು, ಬದುಕಿದ್ದೀಯಾ?” ಎಂದಳು. ಅವರ ತುಟಿ ಅಲುಗಿತು. ಅವಳಿಗೆ ಕಾಣುವುದಿಲ್ಲ. ಅವಳು ಕಿವಿ ಕೊಟ್ಟು ಕಾಯುತ್ತಿದ್ದಳು, ನನಗೆ ತಡೆಯಲಾಗಲಿಲ್ಲ. ಅವರ ಹಿಂದೆ ನಿಂತು ಅವರದೇ ದನಿಯಲ್ಲಿ, “ನೀನು ಬಂದ್ಯಾ ಮಾರಾಯ್ತಿ,” ಎಂದೆ. ನನ್ನ ಬದುಕಿನ ಅತ್ಯುತ್ತಮ ನಕಲು ಅದು. ಮುದುಕಿಯ ಮುಖ ಸಡಿಲಾಯಿತು.

ಅಂಚೆಯಜ್ಜ ತಲೆಯೆತ್ತಿ ನನ್ನನ್ನು ನೋಡಿದರು. ಹತ್ತಿರ ಬಾ ಎಂದು ಕೈ ಮಾಡಿದರು. ಹೋದೆ. ಬೋಗುಣಿಯಲ್ಲಿ ಬೆರಳದ್ದಿ, ಬಗ್ಗಿ, ನನ್ನ ಪಾದದ ಮೇಲೆ ಪಟ್ಟಿ ಕೂರುವ ಜಾಗದಲ್ಲಿ ಒಂದು ಗೆರೆ ಎಳೆದರು.

ಅಷ್ಟು ಸಾಕಾಯಿತು. ನಾನು ಅವಳ ಮುಂದೆ ಕುಕ್ಕರುಗಾಲಲ್ಲಿ ಕೂತು, ಕರುವಿನ ದನಿಯಲ್ಲೇ ಎಲ್ಲ ಹೇಳಿದೆ. ಅಜ್ಜಿ, ಅದು ಅವರಲ್ಲ, ನಾನು. ಅವರ ಗಂಟಲು ಹೋಗಿದೆ. ಸೇತುವೆ ಹತ್ತಿರ ಕೂಗಿದ್ದೂ ನಾನೇ. ಅವಳು ಕೇಳಿಸಿಕೊಂಡಳು. ಕೈ ಚಾಚಿ ಗಾಳಿಯಲ್ಲಿ ತಡಕಾಡಿದಳು. ಅಂಚೆಯಜ್ಜ ತಮ್ಮ ಒದ್ದೆ ಕೈ ಕೊಟ್ಟರು. ಸುಕ್ಕುಗಟ್ಟಿದ ಆ ಬೆರಳ ತುದಿಗಳನ್ನು ಒಂದೊಂದಾಗಿ ಮುಟ್ಟಿ ನೋಡಿದಳು.

“ಗಂಟ್ಲು ಹೋದ್ರೆ ಹೋಗ್ಲಿ ಬಿಡು ಟಪಾಲು,” ಎಂದಳು. “ಬಾಗ್ಲು ಇದೆಯಲ್ಲ.” ಆಮೇಲೆ ನನ್ನ ಕಡೆ ಮುಖ ತಿರುಗಿಸಿ, “ನೀನು ಕೇಳಿಲ್ಲಿ. ರಸ್ತೇಲಿ ಅವನ ಹಾಗೆ ಕೂಗು. ಮನೇಲಿ ನಿನ್ನ ಹಾಗೆ ಮಾತಾಡು.”

ಅಂಚೆಯಜ್ಜ ಹೌದೆಂದು ತಲೆಯಾಡಿಸಿ ಅವಳ ಕಾಲನ್ನು ತೊಡೆಯ ಮೇಲೆ ಎತ್ತಿಕೊಂಡರು.

ಆ ಮಳೆಗಾಲ ಹಿಡಿಯುವ ಮೊದಲೇ ಅವರು ಹೋದರು. ಭದ್ರಾವತಿಗೆ ಸುದ್ದಿ ತಂದದ್ದು ಅಕ್ಕ ಬರೆಸಿ ಹಾಕಿದ ಒಂದು ಕಾರ್ಡು. ಅದನ್ನು ತಂದ ಪೋಸ್ಟ್‌ಮ್ಯಾನನ ಕಾಲನ್ನು ಸುಮ್ಮನೆ ನೋಡುತ್ತ ನಿಂತಿದ್ದೆ. ಕ್ಯಾಂಟೀನಿನಲ್ಲಿ ಗೆಳೆಯರು ಈಗಲೂ ಅಜ್ಜನ ಕೂಗು ಮಾಡು ಎನ್ನುತ್ತಾರೆ. ಫೋರ್‌ಮನ್ನನ್ನು ಮಾಡುತ್ತೇನೆ, ನನ್ನನ್ನು ಮಾಡುತ್ತೇನೆ. ಅದು ಬರುವುದಿಲ್ಲ ಎನ್ನುತ್ತೇನೆ.

ಹೋದ ಶಿವರಾತ್ರಿಯ ಹೊತ್ತಿಗೆ ಮಳಿಗೆ ಖಾಲಿಯಾಯಿತು, ಹುಲ್ಲು ಬಂತು, ನಾನು ಸೇತುವೆ ಬದಿಯಲ್ಲಿ ನಿಂತು ಕೂಗಿದೆ. ಜಟಕಾದವರು ನಗಲಿಲ್ಲ. ಬೋಗುಣಿಯ ಮುಂದಿನ ಮಣೆ ಮಾತ್ರ ಖಾಲಿ ಇತ್ತು. ಬಂದವರು ತಮ್ಮ ಕಾಲು ತಾವೇ ತೊಳೆದುಕೊಂಡರು. ಯಾರೂ ಆ ಮಣೆಯ ಮೇಲೆ ಕೂರಲಿಲ್ಲ, ನಾನೂ ಕೂರಲಿಲ್ಲ. ಮೂರನೆಯ ಸಂಜೆ ಮುದುಕಿ ಬಂದಳು. ಅಂಗಳದಲ್ಲಿ ಕೂತು, ಏ ಟಪಾಲು ಎನ್ನಲಿಲ್ಲ. ದಾರಿಯಲ್ಲೇ ಯಾರೋ ಹೇಳಿರಬೇಕು. ಕೋಲು ಪಕ್ಕಕ್ಕಿಟ್ಟು, ಎರಡೂ ಕಾಲು ಮುಂದಕ್ಕೆ ಚಾಚಿದಳು.

“ತೊಳಿ ಮಾರಾಯ. ದೂರದಿಂದ ಬಂದೀನಿ.”

ಮಣೆಯ ಮೇಲೆ ಕೂತೆ. ಅವಳ ಬಲಗಾಲನ್ನು ಎತ್ತಿ ತೊಡೆಯ ಮೇಲಿಟ್ಟುಕೊಂಡೆ. ಒಣ ತೆಂಗಿನ ಸಿಪ್ಪೆಯಂಥ ಹಿಮ್ಮಡಿ, ನಾನು ಅಂದುಕೊಂಡದ್ದಕ್ಕಿಂತ ತುಂಬ ಹಗುರ. ನೀರು ಮೊಗೆಯಲು ಕೈ ಹಾಕಿದಾಗ ಅವಳು ತಡೆದಳು.

“ಮೊದ್ಲು ನೋಡು. ಅವನು ನೋಡ್ತಿದ್ದ.”

ಲಾಟೀನನ್ನು ಹತ್ತಿರ ಎಳೆದೆ. ಮೇಲೆ ಮಲವಗೊಪ್ಪದ ಕೆಂಪು. ಅದರ ಕೆಳಗೆ, ಬೆರಳ ಸಂದಿಗಳಲ್ಲಿ, ಬೆವರಿಗಂಟಿ ಗಟ್ಟಿಯಾದ ಕರಿಮಸಿ, ನಮ್ಮೂರಿನದು. ಅದರ ಕೆಳಗೆ ಇನ್ನೂ ಒಂದು ಧೂಳಿತ್ತು, ತಿಳಿ ಬೂದು ಬಣ್ಣದ್ದು. ಅದು ಯಾವ ಊರಿನದೆಂದು ನನಗೆ ಗೊತ್ತಾಗಲಿಲ್ಲ. ಇನ್ನಷ್ಟು ಬಗ್ಗಿದೆ.